ಹಳೆ ಬೈಕಿನ ಟೈಮಿಂಗ್ ಚೈನ್: ಕಡಿಯುವ ಮುನ್ನವೇ ಬದಲಿಸಿ

ಪಾಲಮಲೆಯ ತಪ್ಪಲಿನ ಊರುಗಳಲ್ಲಿ ಬೈಕ್ ಎಂಬುದು ಬರೀ ಓಡಾಟದ ಗಾಡಿಯಲ್ಲ. ಸಂತೆಗೆ ಮೂಟೆ ಹೊರುವುದು, ಮಕ್ಕಳನ್ನು ಶಾಲೆಗೆ ಬಿಡುವುದು, ರಾತ್ರಿ ಹೊತ್ತಿನಲ್ಲಿ ಕಾಯಿಲೆಯವರನ್ನು ಕೊಳತ್ತೂರಿಗೋ ಮೆಟ್ಟೂರಿಗೋ ಕರೆದೊಯ್ಯುವುದು ಎಲ್ಲವೂ ಅದರಿಂದಲೇ. ಹೀಗೆ ದುಡಿಯುವ ಬೈಕುಗಳಲ್ಲಿ ಎಷ್ಟೋ ಬೈಕುಗಳು ಎರಡನೆಯ ಅಥವಾ ಮೂರನೆಯ ಕೈಗೆ ಬಂದವು. ಧರ್ಮಪುರಿಯ ಟಿಎನ್ 29, ಸೇಲಂನ ಟಿಎನ್ 30, ಚಾಮರಾಜನಗರದ ಕೆಎ 10, ಯಾವ ನಂಬರಿನ ಗಾಡಿಯೇ ಆಗಲಿ, ಹಿಂದಿನ ಮಾಲೀಕ ಅದನ್ನು ಹೇಗೆ ನೋಡಿಕೊಂಡಿದ್ದ ಎಂಬುದು ಕೊಂಡವನಿಗೆ ತಿಳಿಯುವುದಿಲ್ಲ.

ಇಂಥ ಗಾಡಿಗಳಲ್ಲಿ ಹೆಚ್ಚಾಗಿ ಕೈಕೊಡುವ ಒಂದು ಭಾಗ ಟೈಮಿಂಗ್ ಚೈನ್ ಮತ್ತು ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರ್. ಇದು ಹೊರಗೆ ಕಾಣುವುದಿಲ್ಲ. ಆದರೆ ಕೆಡುವ ಮುನ್ನ ಸದ್ದು ಮಾಡಿ ಎಚ್ಚರಿಸುತ್ತದೆ. ಆ ಎಚ್ಚರಿಕೆಯನ್ನು ಕೇಳಿ ಮೊದಲೇ ಬದಲಿಸಿದರೆ ಸಣ್ಣ ಖರ್ಚು. ಕಡಿದ ಮೇಲಾದರೆ ಎಂಜಿನ್ ಬಿಚ್ಚುವ ಖರ್ಚು.

ಟೈಮಿಂಗ್ ಚೈನ್ ಎಂದರೇನು?

ಹಿಂದಿನ ಚಕ್ರಕ್ಕೆ ಹೋಗುವ ಚೈನ್ ಬೇರೆ, ಇದು ಬೇರೆ. ಟೈಮಿಂಗ್ ಚೈನ್ ಎಂಜಿನ್ ಒಳಗೆ ಎಣ್ಣೆಯಲ್ಲಿ ತಿರುಗುವ ತೆಳುವಾದ ಚೈನ್. ಕೆಳಗಿನ ಕ್ರ್ಯಾಂಕ್ ಶಾಫ್ಟ್‌ನಿಂದ ಮೇಲೆ ಹೆಡ್‌ನಲ್ಲಿರುವ ಕ್ಯಾಮ್ ಶಾಫ್ಟ್‌ಗೆ ಚಲನೆ ಒಯ್ಯುವುದು ಅದರ ಕೆಲಸ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು ಸುತ್ತಬೇಕು. ಆಗ ಮಾತ್ರ ವಾಲ್ವುಗಳು ಸರಿಯಾದ ಕ್ಷಣಕ್ಕೆ ತೆರೆದು ಮುಚ್ಚುತ್ತವೆ.

ಚೈನ್ ಸಡಿಲವಾಗದಂತೆ ಟೆನ್ಷನರ್ ಅದನ್ನು ಒತ್ತಿ ಹಿಡಿಯುತ್ತದೆ. ಹೀರೋ ಹೋಂಡಾ ಸಿಡಿ 100, ಸ್ಪ್ಲೆಂಡರ್ ಮಾದರಿಯ 97.2 ಸಿಸಿ ಎಂಜಿನ್‌ಗಳಲ್ಲಿ ಈ ಚೈನ್ ಎಡಭಾಗದಲ್ಲಿ, ಮ್ಯಾಗ್ನೆಟ್ ಇರುವ ಕಡೆ ಇದೆ. ಅಲ್ಲಿ ಸ್ಪ್ರಿಂಗ್ ಇರುವ ಒಂದು ಪುಶ್ ರಾಡ್ ಕೆಳಗಿನಿಂದ ಟೆನ್ಷನರ್ ತೋಳನ್ನು ತಳ್ಳುತ್ತದೆ. ತೋಳಿನ ತುದಿಯ ರೋಲರ್ ಚೈನನ್ನು ಒತ್ತುತ್ತದೆ. ಇನ್ನೊಂದು ಗೈಡ್ ರೋಲರ್ ಚೈನ್ ಅಲುಗದಂತೆ ನೋಡಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ರೋಲರ್‌ಗಳ ರಬ್ಬರ್ ಗಟ್ಟಿಯಾಗಿ ಸವೆಯುತ್ತದೆ, ಸ್ಪ್ರಿಂಗ್ ಬಲ ಕಳೆದುಕೊಳ್ಳುತ್ತದೆ, ಚೈನ್ ಉದ್ದವಾಗುತ್ತದೆ.

ಯಾವ ಗಾಡಿಗಳಿಗೆ ಇದು ಅನ್ವಯ?

ಸಿಡಿ 100 ಮಾರುಕಟ್ಟೆಗೆ ಬಂದದ್ದು 1985ರಲ್ಲಿ, ಸ್ಪ್ಲೆಂಡರ್ 1994ರಲ್ಲಿ. ಹೋಂಡಾ ಬೇರೆಯಾದ ಮೇಲೆ 2011ರಲ್ಲಿ ಕಂಪನಿಯ ಹೆಸರು ಹೀರೋ ಮೋಟೋಕಾರ್ಪ್ ಆಯಿತು. ಹೆಸರು ಬದಲಾದರೂ ಇದೇ ಮಾದರಿಯ ಎಂಜಿನ್ ಮುಂದುವರಿದಿದ್ದರಿಂದ ಬಿಡಿಭಾಗ ಸಿಗುವುದು ಕಷ್ಟವಲ್ಲ. ಪಲ್ಸರ್, ಅಪಾಚೆ ಮುಂತಾದ ನಾಲ್ಕು ಸ್ಟ್ರೋಕ್ ಬೈಕುಗಳಲ್ಲೂ ಟೈಮಿಂಗ್ ಚೈನ್ ಇದೆ, ಟೆನ್ಷನರ್ ವಿನ್ಯಾಸ ಮಾತ್ರ ಬೇರೆ. ಎರಡು ಸ್ಟ್ರೋಕಿನ ಯಮಹಾ ಆರ್‌ಎಕ್ಸ್ 100 ಗಾಡಿಗೆ ಕ್ಯಾಮ್‌ನಿಂದ ತೆರೆಯುವ ವಾಲ್ವೂ ಇಲ್ಲ, ಟೈಮಿಂಗ್ ಚೈನೂ ಇಲ್ಲ. ಹಳೆಯ ಬುಲೆಟ್‌ನಲ್ಲಿ ಈ ಕೆಲಸವನ್ನು ಗೇರ್‌ಗಳು ಮತ್ತು ಪುಶ್ ರಾಡ್‌ಗಳು ಮಾಡುತ್ತವೆ.

ಬೆಟ್ಟದ ದಾರಿಯಲ್ಲಿ ಏಕೆ ಬೇಗ ಸವೆಯುತ್ತದೆ?

ಟೈಮಿಂಗ್ ಚೈನ್ ಸವೆಯುವುದು ಎಂಜಿನ್ ತಿರುಗಿದ ಲೆಕ್ಕಕ್ಕೆ, ಗಾಡಿ ಓಡಿದ ಕಿಲೋಮೀಟರ್ ಲೆಕ್ಕಕ್ಕೆ ಅಲ್ಲ. ಒಂದು ಕಿ.ಮೀ. ಸಾಗಲು ಒಂದನೇ ಗೇರ್‌ನಲ್ಲಿ ಎಂಜಿನ್ ನಾಲ್ಕನೇ ಗೇರ್‌ಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸುತ್ತು ಸುತ್ತಬೇಕು. ಪಾಲಾರ್ ದಾಟಿ ಮಲೆ ಮಹದೇಶ್ವರ ಬೆಟ್ಟಕ್ಕೆ ಏರುವ ಗಾಡಿ, ಹೊಲದ ಏರುದಾರಿಯಲ್ಲಿ ಮೂಟೆ ಹೊರುವ ಗಾಡಿ ಇವೆಲ್ಲ ಸಣ್ಣ ಗೇರ್‌ನಲ್ಲೇ ದುಡಿಯುತ್ತವೆ. ಆದ್ದರಿಂದ ಬಯಲಿನಲ್ಲಿ ಓಡಿದ 30,000 ಕಿ.ಮೀ. ಮತ್ತು ಬೆಟ್ಟದಲ್ಲಿ ಓಡಿದ 30,000 ಕಿ.ಮೀ. ಒಂದೇ ಅಲ್ಲ.

ಎರಡನೆಯ ಕಾರಣ ಎಣ್ಣೆ. ಈ ಸಣ್ಣ ಎಂಜಿನ್‌ಗಳಲ್ಲಿ ಇರುವ ಎಣ್ಣೆ ಒಂದು ಲೀಟರ್‌ಗಿಂತಲೂ ಕಡಿಮೆ. ಅದರಲ್ಲಿ ಸ್ವಲ್ಪ ಸುಟ್ಟುಹೋದರೂ ಚೈನ್‌ಗೆ ಮತ್ತು ಟೆನ್ಷನರ್‌ಗೆ ಬೇಕಾದಷ್ಟು ಎಣ್ಣೆ ಸಿಗುವುದಿಲ್ಲ. ಎಣ್ಣೆ ಕಪ್ಪಾಗಿ ನೀರಿನಂತಾದರೂ ಹಾಗೆಯೇ ಓಡಿಸಿದ ಗಾಡಿಯಲ್ಲಿ ಮೊದಲು ಸದ್ದು ಮಾಡುವ ಭಾಗಗಳಲ್ಲಿ ಇದೂ ಒಂದು.

ಹೀಗಾಗಿ "ಇಷ್ಟು ಕಿ.ಮೀ.ಗೆ ಬದಲಿಸಿ" ಎಂದು ಎಲ್ಲ ಗಾಡಿಗೂ ಒಪ್ಪುವ ಲೆಕ್ಕವಿಲ್ಲ. ಸದ್ದು, ಎಣ್ಣೆ ಮತ್ತು ಗಾಡಿಯ ಹಿಂದಿನ ಕಥೆ, ಈ ಮೂರನ್ನೂ ನೋಡಿ ತೀರ್ಮಾನಿಸಬೇಕು.

ಕೆಟ್ಟರೆ ಏನಾಗುತ್ತದೆ?

ಸಡಿಲವಾದ ಚೈನ್ ಮೊದಲು ಅಕ್ಕಪಕ್ಕದ ಲೋಹಕ್ಕೆ ಉಜ್ಜುತ್ತದೆ. ಆ ಪುಡಿ ಎಣ್ಣೆಯಲ್ಲಿ ಸೇರಿ ಇಡೀ ಎಂಜಿನ್ ಸುತ್ತುತ್ತದೆ. ಮುಂದೆ ಚೈನ್ ಒಂದೆರಡು ಹಲ್ಲು ಜಿಗಿಯಬಹುದು. ಆಗ ಪೆಟ್ರೋಲ್ ಇದ್ದರೂ ಪ್ಲಗ್‌ನಲ್ಲಿ ಕಿಡಿ ಬಂದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಅಥವಾ ಎಳೆತವೇ ಇಲ್ಲದೆ ಓಡುತ್ತದೆ. ಚೈನ್ ಪೂರ್ತಿ ಕಡಿದರೆ ಎಂಜಿನ್ ಅಲ್ಲಿಯೇ ನಿಲ್ಲುತ್ತದೆ. ತೆರೆದುಕೊಂಡಿದ್ದ ವಾಲ್ವಿಗೆ ಪಿಸ್ಟನ್ ಬಡಿದು ವಾಲ್ವು ಬಾಗುವ ಸಾಧ್ಯತೆಯೂ ಇದೆ.

ಓಡುವಾಗ ಎಂಜಿನ್ ಇದ್ದಕ್ಕಿದ್ದಂತೆ ಸತ್ತರೆ ಕ್ಲಚ್ ಹಿಡಿದು, ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿ ಬದಿಗೆ ನಿಲ್ಲಿಸಬೇಕು. ಎಡಭಾಗದಲ್ಲಿ ಕರಕರ ಸದ್ದು ಕೇಳಿ ಆಮೇಲೆ ನಿಂತಿದ್ದರೆ ಮತ್ತೆ ಮತ್ತೆ ಕಿಕ್ ಹೊಡೆಯಬಾರದು, ತಳ್ಳಿ ಸ್ಟಾರ್ಟ್ ಮಾಡಲೂಬಾರದು. ಬಾಗದೆ ಉಳಿದ ವಾಲ್ವು ಆಗ ಬಾಗಬಹುದು.

ಸದ್ದನ್ನು ಗುರುತಿಸುವುದು ಹೇಗೆ?

* ಮೊದಲು ಎಣ್ಣೆಯ ಮಟ್ಟ ನೋಡಿ. ಕಡಿಮೆ ಇದ್ದರೆ ಸರಿಯಾದ ಎಣ್ಣೆ ಹಾಕಿ, ನಂತರ ಕೇಳಿ.
* ಗಾಡಿಯನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ನಿಧಾನ ಓಟದಲ್ಲಿ ಬಿಡಿ. ಎಡಭಾಗದಿಂದ ಡಬ್ಬದಲ್ಲಿ ಸರಪಳಿ ಅಲುಗಿಸಿದಂತೆ "ಕರ ಕರ" ಎಂದರೆ ಟೈಮಿಂಗ್ ಚೈನ್ ಮೇಲೆ ಅನುಮಾನ.
* ಆಕ್ಸಿಲರೇಟರ್ ಏರಿಸಿ ತಟ್ಟನೆ ಬಿಟ್ಟಾಗ ಸದ್ದು ಹೆಚ್ಚಾದರೆ ಅನುಮಾನ ಗಟ್ಟಿ.
* ಹೆಡ್ ಮೇಲಿನಿಂದ ಒಂದೇ ಲಯದಲ್ಲಿ "ಟಕ್ ಟಕ್" ಎಂದರೆ ಅದು ಟ್ಯಾಪೆಟ್ ಇರಬಹುದು. ಅದಕ್ಕೆ ಸೆಟ್ಟಿಂಗ್ ಸಾಕು.
* ಉದ್ದನೆಯ ಸ್ಕ್ರೂ ಡ್ರೈವರ್ ತುದಿಯನ್ನು ಎಂಜಿನ್‌ಗೆ ತಾಗಿಸಿ ಹಿಡಿಯನ್ನು ಕಿವಿಗಿಟ್ಟರೆ ಸದ್ದು ಎಲ್ಲಿಂದ ಎಂಬುದು ಸ್ಪಷ್ಟವಾಗುತ್ತದೆ. ಎಂಜಿನ್ ಬಿಸಿ ಇರುವುದರಿಂದ ಕೈ, ಮುಖ ಜೋಪಾನ.

ಕೊಳ್ಳುವ ಮುನ್ನ

ಮೀಟರನ್ನು ಮಾತ್ರ ನಂಬಬಾರದು. ಹಳೆ ಗಾಡಿಗಳಲ್ಲಿ ಮೀಟರ್ ಓಡುವುದು ಮುಂಚಕ್ರದ ಕೇಬಲ್‌ನಿಂದ. ಕೇಬಲ್ ಕಡಿದು ವರ್ಷಗಟ್ಟಲೆ ಓಡಿದ ಗಾಡಿಗಳಿವೆ. ಸದ್ದು ಅಡಗಿಸಲು ದಪ್ಪ ಎಣ್ಣೆ ಹಾಕಿ ತೋರಿಸುವವರೂ ಇದ್ದಾರೆ. ಆದ್ದರಿಂದ ಗಾಡಿ ತಣ್ಣಗಿರುವಾಗಲೇ ಹೋಗಿ, ತಾವೇ ಸ್ಟಾರ್ಟ್ ಮಾಡಿ ಕೇಳಬೇಕು. ಹತ್ತು ನಿಮಿಷ ಓಡಿಸಿ ಬಿಸಿಯಾದ ಮೇಲೆ ಮತ್ತೊಮ್ಮೆ ಕೇಳಬೇಕು. ಚೈನ್ ಯಾವಾಗ ಬದಲಾಯಿತು ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ ಎಂದೇ ತಿಳಿದು, ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡುವುದು ಜಾಣತನ.

ಏನೇನು ಬದಲಿಸಬೇಕು?

ಚೈನ್ ಒಂದನ್ನೇ ಹಾಕಿದರೆ ಅರ್ಧ ಕೆಲಸ. ಚೈನ್, ಟೆನ್ಷನರ್ ರೋಲರ್, ಗೈಡ್ ರೋಲರ್, ಪುಶ್ ರಾಡ್, ಸ್ಪ್ರಿಂಗ್ ಇವನ್ನು ಒಟ್ಟಿಗೆ ಬದಲಿಸಬೇಕು. ಕ್ಯಾಮ್ ಸ್ಪ್ರಾಕೆಟ್ ಹಲ್ಲುಗಳು ಚೂಪಾಗಿದ್ದರೆ ಅಥವಾ ಒಂದು ಕಡೆಗೆ ಬಾಗಿದ್ದರೆ ಅದೂ ಹೊಸದಾಗಬೇಕು. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಹಾಳಾಗುತ್ತದೆ. ಗ್ಯಾಸ್ಕೆಟ್, ಓ ರಿಂಗ್, ಬೋಲ್ಟಿನ ವಾಷರ್‌ಗಳು ಸಣ್ಣ ಬೆಲೆಯವು. ಹಳೆಯದನ್ನೇ ಹಾಕಿದರೆ ಎಣ್ಣೆ ಸೋರುತ್ತದೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತಿದ್ದರೆ ಪಿಸ್ಟನ್ ರಿಂಗ್, ವಾಲ್ವ್ ಸೀಲ್‌ಗಳನ್ನೂ ಇದೇ ಸಲ ನೋಡಿಸಿದರೆ ಎರಡನೇ ಬಾರಿ ಕೂಲಿ ಕೊಡುವುದು ತಪ್ಪುತ್ತದೆ.

ಕೆಲಸ ನಡೆಯುವ ಕ್ರಮ

ಇದು ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ. ಆದರೆ ಕ್ರಮ ತಿಳಿದಿದ್ದರೆ ವರ್ಕ್‌ಶಾಪ್‌ನಲ್ಲಿ ನಿಂತು ನೋಡಬಹುದು. ಎಂಜಿನ್ ತಣ್ಣಗಾದ ಮೇಲೆ ಎಣ್ಣೆ ಇಳಿಸುತ್ತಾರೆ. ಎಡಗಡೆಯ ಕವರ್ ತೆಗೆದು ಮ್ಯಾಗ್ನೆಟನ್ನು ಪುಲ್ಲರ್ ಹಾಕಿಯೇ ಬಿಚ್ಚಬೇಕು. ಸುತ್ತಿಗೆಯಿಂದ ಬಡಿದರೆ ಕ್ರ್ಯಾಂಕ್‌ಗೆ ಪೆಟ್ಟು. ಹೊಸ ಚೈನ್ ಹಾಕುವಾಗ ಮ್ಯಾಗ್ನೆಟ್ ಮೇಲಿನ "ಟಿ" ಗುರುತು ಕೇಸಿನ ಗುರುತಿಗೆ, ಕ್ಯಾಮ್ ಸ್ಪ್ರಾಕೆಟ್‌ನ ಗುರುತು ಹೆಡ್‌ನ ಗುರುತಿಗೆ ಸರಿಯಾಗಿ ಕೂಡಬೇಕು. ಒಂದು ಹಲ್ಲು ತಪ್ಪಿದರೂ ಗಾಡಿ ಸರಿಯಾಗಿ ಓಡುವುದಿಲ್ಲ.

ಜೋಡಿಸಿದ ಮೇಲೆ ಕಿಕ್ ಹೊಡೆಯುವ ಮುನ್ನ ಎಂಜಿನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡುತ್ತವೆಯೇ ಎಂದು ನೋಡಬೇಕು. ಎಲ್ಲಾದರೂ ತಡೆದರೆ ಬಲ ಹಾಕಬಾರದು. ಟ್ಯಾಪೆಟ್ ಸೆಟ್ ಮಾಡಿ ಹೊಸ ಎಣ್ಣೆ ಹಾಕಿದ ಮೇಲೆಯೇ ಸ್ಟಾರ್ಟ್.

ಅಡ್ಡದಾರಿ ಬೇಡ

ಸ್ಪ್ರಿಂಗನ್ನು ಎಳೆದು ಉದ್ದ ಮಾಡುವುದು, ಅದರ ಹಿಂದೆ ವಾಷರ್ ಕೊಡುವುದು, ದಪ್ಪ ಎಣ್ಣೆ ಹಾಕುವುದು ಇವೆಲ್ಲ ಸದ್ದನ್ನು ಕೆಲವು ದಿನ ಮುಚ್ಚುತ್ತವೆ ಅಷ್ಟೇ. ಉದ್ದವಾದ ಚೈನ್ ಮತ್ತೆ ಗಿಡ್ಡವಾಗುವುದಿಲ್ಲ. ಅತಿಯಾಗಿ ಬಿಗಿದರೆ ರೋಲರ್ ಇನ್ನೂ ಬೇಗ ತಿನ್ನುತ್ತದೆ. ಸದ್ದು ನಿಂತರೆ ಎಚ್ಚರಿಕೆಯೂ ನಿಂತಂತೆ.

ಮೆಟ್ಟೂರು, ಪೆನ್ನಾಗರಂ ಕಡೆಯ ವರ್ಕ್‌ಶಾಪಿನಲ್ಲಿ

ಗಾಡಿ ಬಿಡುವಾಗ ತಮಿಳಿನಲ್ಲಿ ಹೇಳಬೇಕಾದ ಮಾತು ಮೂರೇ:
* "ಇಡದು ಪಕ್ಕಂ ಟೈಮಿಂಗ್ ಸೈನ್ ಸತ್ತಂ ವರುದು" (ಎಡಗಡೆ ಟೈಮಿಂಗ್ ಚೈನ್ ಸದ್ದು ಬರುತ್ತಿದೆ).
* "ರೋಲರ್, ಸ್ಪ್ರಿಂಗ್ ಎಲ್ಲಾಂ ಸೇತ್ತು ಮಾತ್ತುಂಗ" (ರೋಲರ್, ಸ್ಪ್ರಿಂಗ್ ಎಲ್ಲ ಸೇರಿಸಿ ಬದಲಿಸಿ).
* "ಪಳೆಯ ಪಾರ್ಟ್ಸ್ ತಿರುಪ್ಪಿ ಕುಡುಂಗ" (ಹಳೆಯ ಪಾರ್ಟ್ಸ್ ವಾಪಸ್ ಕೊಡಿ).

ಹಳೆಯ ಭಾಗಗಳನ್ನು ಕೇಳಿ ಪಡೆಯುವುದು ಮೆಕ್ಯಾನಿಕ್ ಮೇಲಿನ ಅನುಮಾನಕ್ಕಲ್ಲ. ಸವೆದ ರೋಲರ್, ಜೋಲುವ ಚೈನ್ ಕೈಯಲ್ಲಿ ಹಿಡಿದು ನೋಡಿದರೆ ಮುಂದಿನ ಸಲ ಸದ್ದು ಕೇಳಿದಾಗ ಒಳಗೆ ಏನಾಗಿದೆ ಎಂಬುದು ತಾನಾಗಿ ಅರ್ಥವಾಗುತ್ತದೆ. ಹೊಸ ಪಾರ್ಟ್ಸ್ ಸೀಲ್ ಒಡೆಯದ ಪ್ಯಾಕೆಟ್‌ನಲ್ಲಿರಲಿ, ಬಿಲ್ ಇರಲಿ.

ಆಮೇಲಿನ ಆರೈಕೆ

ಬದಲಿಸಿದ ದಿನಾಂಕ ಮತ್ತು ಮೀಟರ್ ಅಂಕಿಯನ್ನು ಆರ್‌ಸಿ ಇಡುವ ಕವರಿನಲ್ಲೇ ಬರೆದಿಡಿ. ಮೊದಲ 500 ಕಿ.ಮೀ. ಆದ ಮೇಲೆ ಒಮ್ಮೆ ಸದ್ದು ಕೇಳಿ, ಎಣ್ಣೆ ಸೋರಿಕೆ ನೋಡಿ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸಿ. ವಾರಕ್ಕೊಮ್ಮೆ, ಅದರಲ್ಲೂ ಬೆಟ್ಟ ಹತ್ತುವ ಮುನ್ನ, ಎಣ್ಣೆಯ ಮಟ್ಟ ನೋಡುವುದು ರೂಢಿಯಾಗಲಿ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯಬಾರದು. ಆಗ ಎಲ್ಲ ಭಾರ ಬ್ರೇಕ್ ಮೇಲೆ ಬಿದ್ದು, ಬ್ರೇಕ್ ಕಾದು ಹಿಡಿತ ತಪ್ಪುತ್ತದೆ.

ಬಿತ್ತನೆಗೆ ಮುನ್ನ ನೇಗಿಲು ನೋಡಿಕೊಳ್ಳುವಂತೆ ಮಳೆಗಾಲಕ್ಕೆ ಮುನ್ನ ಗಾಡಿಯನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಹಗಲಿನಲ್ಲಿ ಊರ ಮುಂದೆ ಕೆಟ್ಟ ಗಾಡಿಯನ್ನು ತಳ್ಳಿಕೊಂಡಾದರೂ ಬರಬಹುದು. ರಾತ್ರಿ ಕಾಯಿಲೆಯವರನ್ನು ಕೂರಿಸಿಕೊಂಡು ಹೊರಟಾಗ ಕಾಡುದಾರಿಯಲ್ಲಿ ಚೈನ್ ಕಡಿದರೆ ತಳ್ಳಿ ಪ್ರಯೋಜನವಿಲ್ಲ.