ಗೊಜ್ಜಿನೊಳಗಿನ ಚರಿತ್ರೆ

ಈರುಳ್ಳಿ ಗೊಜ್ಜು ದೊಡ್ಡ ಅಡಿಗೆಯೇನಲ್ಲ. ಮದುವೆಯೂಟದ ಎಲೆಯಲ್ಲಿ ಅದಕ್ಕೆ ಜಾಗವಿಲ್ಲ. ತರಕಾರಿ ತೀರಿದ ದಿನ, ಹೊತ್ತು ಮೀರಿ ನೆಂಟರು ಬಂದ ದಿನ, ದೋಸೆಗೋ ಚಪಾತಿಗೋ ನೆಂಚಿಕೊಳ್ಳಲು ಏನೂ ಇಲ್ಲದ ದಿನ ನಮ್ಮ ಮಾನ ಕಾಯುವುದು ಅದೇ. ಹುಳಿ, ಸಿಹಿ, ಖಾರ ಮೂರೂ ಒಂದೇ ತುತ್ತಿನಲ್ಲಿ ಸಿಗುವ ಈ ಸಣ್ಣ ಪದಾರ್ಥದ ಹಿಂದೆ ಎಷ್ಟು ದೊಡ್ಡ ಚರಿತ್ರೆಯಿದೆ ಎಂದು ಯೋಚಿಸುವಷ್ಟು ಬಿಡುವು ಒಲೆಯ ಮುಂದೆ ನಿಂತ ನಮಗೆ ಇರುವುದಿಲ್ಲ.

ಮೊದಲು ನಮ್ಮ ಮನೆಯ ಕ್ರಮ ಹೇಳಿಬಿಡುತ್ತೇನೆ. 6 ಬ್ಯಾಡಗಿ ಮೆಣಸಿನಕಾಯಿ, 2 ಚಮಚ ಕೊತ್ತಂಬರಿ ಬೀಜ, 1 ಚಮಚ ಉದ್ದಿನಬೇಳೆ, ಕಾಲು ಚಮಚ ಮೆಂತ್ಯ ಇವನ್ನು ಬೇರೆ ಬೇರೆಯಾಗಿ ಹುರಿಯಬೇಕು. ಕೊನೆಗೆ 2 ಚಮಚ ಎಳ್ಳನ್ನು ಚಟಪಟ ಅನ್ನಿಸಿ, ಒಂದು ಹಿಡಿ ಕೊಬ್ಬರಿ ತುರಿಯೊಡನೆ ಎಲ್ಲವನ್ನೂ ಪುಡಿ ಮಾಡಬೇಕು. ಬಾಣಲೆಯಲ್ಲಿ 3 ಚಮಚ ಎಣ್ಣೆಗೆ ಸಾಸಿವೆ, ಕರಿಬೇವು, ಅರಿಶಿನದ ಒಗ್ಗರಣೆ. ಉದ್ದುದ್ದ ಹೆಚ್ಚಿದ 4 ಈರುಳ್ಳಿಯನ್ನು ಹಾಕಿ, ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವವರೆಗೆ ಬಾಡಿಸಿ. ಇಲ್ಲಿ ಅವಸರ ಕೂಡದು. ಈರುಳ್ಳಿ ತನ್ನ ಸಿಹಿಯನ್ನು ನಿಧಾನವಾಗಿಯೇ ಬಿಟ್ಟುಕೊಡುತ್ತದೆ. ನಿಂಬೆ ಗಾತ್ರದ ಹುಣಿಸೆಹಣ್ಣಿನ ರಸ, ಉಪ್ಪು ಹಾಕಿ, ಹಸಿ ವಾಸನೆ ಹೋದ ಮೇಲೆ ಅಷ್ಟೇ ಗಾತ್ರದ ಬೆಲ್ಲ, ಆಮೇಲೆ ಪುಡಿ. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡರೆ ಗೊಜ್ಜು ಆಯಿತೆಂದು ಲೆಕ್ಕ.

ಇದರಲ್ಲಿ ಯಾವುದು ನಮ್ಮದು, ಯಾವುದು ಹೊರಗಿನದು? ಹುಣಿಸೆಯನ್ನು ಅರಬ್ಬಿ ವ್ಯಾಪಾರಿಗಳು 'ಹಿಂದ್‌ನ ಖರ್ಜೂರ' ಎಂದು ಕರೆದರು. ಆದರೆ ಅದರ ಮೂಲ ಆಫ್ರಿಕ. ಬೆಲ್ಲ ಮಾತ್ರ ಬಹುಕಾಲದಿಂದ ನಮ್ಮದೇ. ಅಚ್ಚರಿಯೆಂದರೆ ಮೆಣಸಿನಕಾಯಿಯದು. ಅದು ಅಮೆರಿಕ ಖಂಡದ ಗಿಡ. 1492ರಲ್ಲಿ ಕೊಲಂಬಸ್ ಅತ್ತ ಹೋಗುವ ಮೊದಲು ನಮ್ಮ ದೇಶದಲ್ಲಿ ಅದನ್ನು ಕಂಡವರಿರಲಿಲ್ಲ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಗೋವೆ ಪೋರ್ಚುಗೀಸರ ಕೈಸೇರಿದ್ದು 1510ರಲ್ಲಿ. ಅವರು ಬಂದದ್ದು ನಮ್ಮ ಕರಿಮೆಣಸಿಗಾಗಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು 'ಮೆಣಸಿನ ರಾಣಿ' ಎಂದೇ ಕರೆದರು. ಕಪ್ಪು ಮೆಣಸನ್ನು ಕೊಂಡೊಯ್ದವರು ಕೆಂಪು ಮೆಣಸನ್ನು ಇಲ್ಲಿ ಬಿಟ್ಟರು.

ಅದಕ್ಕೆ ಮೊದಲು ನಮ್ಮವರ ಖಾರವೆಂದರೆ ಕರಿಮೆಣಸು, ಶುಂಠಿ, ಸಾಸಿವೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ರಾಜಭೋಜನವನ್ನು ವರ್ಣಿಸಿದಾಗಲೂ, 16ನೆಯ ಶತಮಾನದ ಆರಂಭದಲ್ಲಿ ಮಂಗರಸ ಕನ್ನಡದಲ್ಲಿ 'ಸೂಪಶಾಸ್ತ್ರ' ಬರೆದಾಗಲೂ ಮೆಣಸಿನಕಾಯಿ ನಮ್ಮ ಅಡಿಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಹೆಸರನ್ನೇ ನೋಡಿ: ಮೆಣಸಿನಂತೆ ಖಾರವಿರುವ ಕಾಯಿ, ಮೆಣಸಿನಕಾಯಿ. ಹೊಸಬಳಿಗೆ ಹಳಬಳ ಹೆಸರನ್ನೇ ಕೊಟ್ಟೆವು. ಕರಾವಳಿಯಲ್ಲಂತೂ 'ಮೆಣಸು' ಎಂದರೆ ಈಗ ಮೆಣಸಿನಕಾಯಿಯೇ. ಹಳೆಯದು ತನ್ನ ಗುರುತಿಗೆ 'ಒಳ್ಳೆಮೆಣಸು' ಎಂದು ಇನ್ನೊಂದು ಮಾತು ಸೇರಿಸಿಕೊಳ್ಳಬೇಕಾಯಿತು. ಆ ಹೊಸಬಳು ಎಷ್ಟು ನಮ್ಮವಳಾದಳೆಂದರೆ, 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಊರಿನ ಹೆಸರಿನ ಮೇಲೆಯೇ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು.

ಹಳೆಯ ಕಾಲದ ಕುರುಹು ಕೆಲವು ಕಡೆ ಇನ್ನೂ ಉಳಿದಿದೆ. ಶ್ರಾದ್ಧದ ಅಡಿಗೆಗೆ ಇಂದಿಗೂ ಅನೇಕ ಮನೆಗಳಲ್ಲಿ ಮೆಣಸಿನಕಾಯಿ ಹಾಕುವುದಿಲ್ಲ, ಕರಿಮೆಣಸೇ ಆಗಬೇಕು. ಹಿರಿಯರಿಗೆ ಅವರ ಕಾಲದ ಊಟವನ್ನೇ ಬಡಿಸುತ್ತೇವೆ ಅನ್ನಿ. ಉಳಿದ ದಿನಗಳಲ್ಲಿ, ಮಡಿಯ ಅಡಿಗೆಯಾದರೂ ಸಾಮಾನ್ಯವಾಗಿ ಮೆಣಸಿನಕಾಯಿಗೆ ಅಡ್ಡಿಯಿಲ್ಲ.

ಈರುಳ್ಳಿಯ ಕಥೆ ಇದಕ್ಕೆ ತಿರುವುಮುರುವು. ಅದು ಸಾವಿರಾರು ವರ್ಷಗಳಿಂದ ಈ ನೆಲದಲ್ಲಿದೆ. ಚರಕಸಂಹಿತೆ ಅದನ್ನು ಬಲ ಕೊಡುವ ಆಹಾರವೆಂದು ಹೇಳಿದೆ. ಆದರೆ ಮನುಸ್ಮೃತಿ ದ್ವಿಜರಿಗೆ ಈರುಳ್ಳಿ, ಬೆಳ್ಳುಳ್ಳಿ ಎರಡನ್ನೂ ನಿಷೇಧಿಸಿತು. 7ನೆಯ ಶತಮಾನದಲ್ಲಿ ಬಂದ ಚೀನೀ ಯಾತ್ರಿಕ ಹ್ಯೂಯೆನ್ ತ್ಸಾಂಗ್, ಇವನ್ನು ತಿಂದವರನ್ನು ಊರ ಗೋಡೆಯಾಚೆ ಕಳಿಸುತ್ತಿದ್ದರೆಂದು ಬರೆದಿದ್ದಾನೆ. ಸಮುದ್ರ ದಾಟಿ ಬಂದ ಮೆಣಸಿನಕಾಯಿಗೆ ನಡುಮನೆ, ಮನೆಯಲ್ಲೇ ಹುಟ್ಟಿದಂತಿದ್ದ ಈರುಳ್ಳಿಗೆ ಹಿತ್ತಿಲು! ಅದರ ಬದಲು ಒಗ್ಗರಣೆಗೆ ಇಂಗು ಹಾಕಿದರು. ಅದಾದರೂ ಇರಾನ್, ಅಫಘಾನಿಸ್ತಾನಗಳಿಂದ ಬರುವ ಸರಕು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದರ ಸಸಿ ನೆಟ್ಟದ್ದೇ 2020ರಲ್ಲಿ.

ನಮ್ಮ ತಂದೆಯ ಮನೆಯಲ್ಲಿ ಈರುಳ್ಳಿಯನ್ನು ಹಿತ್ತಿಲಿನಲ್ಲೇ ಹೆಚ್ಚಿ, ಅಲ್ಲೇ ಇದ್ದಿಲೊಲೆಯ ಮೇಲೆ ಬೇಯಿಸುತ್ತಿದ್ದರು. ಅದಕ್ಕೆ ಬೇರೆ ಬಾಣಲೆ, ಬೇರೆ ಸೌಟು. ಗಂಡಸರು ಹೋಟೆಲಿನಲ್ಲಿ ಈರುಳ್ಳಿ ದೋಸೆಯ ರುಚಿ ಕಂಡುಬಂದಿದ್ದರು. ಮನೆಯಲ್ಲೂ ಬೇಕೆಂದರು, ಶಾಸ್ತ್ರ ಅಷ್ಟು ಸಡಿಲವಾಯಿತು. ಸೋದರತ್ತೆಯ ಪಾಲಿಗೆ ಮಾತ್ರ ಸಡಿಲವಾಗಲಿಲ್ಲ. ಅವರು 19ನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಅವರ ಬಾಲ್ಯದಲ್ಲಿ ಆ ಮನೆಗೆ ಈರುಳ್ಳಿ ಬರುತ್ತಿರಲಿಲ್ಲ. ಬರತೊಡಗುವ ಹೊತ್ತಿಗೆ ಅವರು ವಿಧವೆ. ಆದರೂ ಗೊಜ್ಜಿನ ಹದ ಅವರಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು ವಾಸನೆಯಿಂದಲೇ, "ಉರಿ ತಗ್ಗಿಸೇ, ತಳ ಹಿಡೀತಿದೆ" ಎಂದು ಅಮ್ಮನಿಗೆ ಹೇಳುತ್ತಿದ್ದರು. "ಈಗ ಬೆಲ್ಲ ಹಾಕು" ಎಂದಾಗ ಹಾಕಿದರೆ ಗೊಜ್ಜು ಕೆಟ್ಟದ್ದೇ ಇಲ್ಲ.

ವಯಸ್ಸಾದ ಮೇಲೆ ಅವರು ಕೆಲವು ತಿಂಗಳು ನನ್ನ ಮನೆಯಲ್ಲಿದ್ದರು. ಒಂದು ದಿನ ಮೊಸರನ್ನದ ಪಕ್ಕದಲ್ಲಿ ಒಂದಿಷ್ಟು ಗೊಜ್ಜು ಬಡಿಸಿ, "ಇಲ್ಲಿ ಕೇಳುವವರು ಯಾರಿದ್ದಾರೆ ಅತ್ತೆ, ರುಚಿ ನೋಡಿ" ಎಂದೆ. ಅವರು ಸಿಟ್ಟಾಗಲಿಲ್ಲ. "ಈ ನಾಲಿಗೆಗೆ ಅದು ಗೊತ್ತೇ ಇಲ್ಲ ಕಣೇ. ಗೊತ್ತಿಲ್ಲದ್ದನ್ನ ಈಗ್ಯಾಕೆ ಕಲಿಸ್ತೀಯ?" ಎಂದು ನನ್ನ ಮಗಳ ತಟ್ಟೆಗೆ ಹಾಕಿದರು. ಕೊನೆಯವರೆಗೂ ಅದರ ರುಚಿ ನೋಡದೆಯೇ ಹೋದರು.

ಬ್ರಿಟಿಷರ ಆಳ್ವಿಕೆಯ ಪ್ರದೇಶಗಳಲ್ಲಿ ವಿಧವೆಯರ ಮರುಮದುವೆಗೆ ಕಾನೂನು ಒಪ್ಪಿಗೆ ಕೊಟ್ಟದ್ದು 1856ರಲ್ಲಿ. ಮಕ್ಕಳಿಗೆ ಆ ಇಸವಿಯನ್ನು ಕಲಿಸುತ್ತೇವೆ. ಅವರ ತಟ್ಟೆಗೆ ಹಾಕಿದ್ದ ಕಟ್ಟನ್ನು ಬಿಡಿಸಲು ಯಾವ ಕಾನೂನೂ ಬರಲಿಲ್ಲ, ಬರುವಂಥದ್ದೂ ಅಲ್ಲ. ಸನಾತನವೆಂದು ನಾವು ನಂಬಿದ ಅಡಿಗೆಯೊಳಗೆ ಐನೂರು ವರ್ಷದ ಹೊಸಬಳು ಒಲೆಯ ಪಕ್ಕದಲ್ಲೇ ಕುಳಿತಿದ್ದಾಳೆಂದರೆ, ನಿಯಮ ಬದಲಾಗುತ್ತದೆ ಎಂದೇ ಅರ್ಥ. ಬೇಕಾದವರಿಗೆ ಬೇಕಾದಾಗ ಅದನ್ನು ಬದಲಿಸಿಕೊಂಡರು. ಅತ್ತೆಯ ಪರವಾಗಿ ಬೇಕು ಎನ್ನುವವರು ಯಾರೂ ಇರಲಿಲ್ಲ, ಅಷ್ಟೇ.

ಇತಿಹಾಸದ ಪಾಠದಲ್ಲಿ ಮೆಣಸಿನಕಾಯಿಯ ವಿಷಯ ಬಂದಾಗ ನಾನೀಗ ಮಕ್ಕಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ಅಜ್ಜಿಯನ್ನು ಎರಡು ಪ್ರಶ್ನೆ ಕೇಳಿಕೊಂಡು ಬರಬೇಕು. ನಿಮ್ಮ ಕಾಲದಲ್ಲಿ ಏನೇನು ಅಡಿಗೆ ಮಾಡುತ್ತಿದ್ದಿರಿ ಎಂಬುದು ಮೊದಲನೆಯದು. ಅದರಲ್ಲಿ ನಿಮಗೆ ತಿನ್ನಲು ಬಿಡದಿದ್ದುದು ಯಾವುದು ಎಂಬುದು ಎರಡನೆಯದು. ಮೊದಲನೆಯದಕ್ಕೆ ಮಕ್ಕಳು ಪುಟಗಟ್ಟಲೆ ಬರೆದು ತರುತ್ತಾರೆ. ಎರಡನೆಯದಕ್ಕೆ ಉತ್ತರ ಒಂದೇ ಸಾಲು ಇರುತ್ತದೆ. ನಾನು ಮೊದಲು ಓದುವುದು ಆ ಸಾಲನ್ನೇ.