ಚಿನ್ನದ ಗುಂಡಿಯಿಂದ ಗ್ಯಾಸಿನ ಬಾವಿಗೆ

ನೆಲದ ಹೊಟ್ಟೆ ಬಗೆಯುವವರು ಮೊದಲು ಬೆಳಕಿನ ಮಾತಾಡ್ತಾರೆ. 1902ರಲ್ಲಿ ಶಿವನಸಮುದ್ರದ ಕಾವೇರಿ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಇದನ್ನು ಎದೆಯುಬ್ಬಿಸಿ ಹೇಳುವವರು, ಆ ಕರೆಂಟು ಬಂದದ್ದು ಜಾನ್ ಟೇಲರ್ ಕಂಪನಿಯ ಯಂತ್ರಗಳಿಗೆ, ಗುಂಡಿಗೆ ಇಳಿದವನ ತಟ್ಟಿ ಗುಡಿಸಲಿಗಲ್ಲ ಅನ್ನೋದನ್ನ ನುಂಗಿಕೊಳ್ತಾರೆ.

ಈಗ ಶೇಲ್ ಗ್ಯಾಸಿನ ಬೆಳಕು. ಶೇಲ್ ಅಂದ್ರೆ ಕೆಸರು ಕೋಟ್ಯಂತರ ವರ್ಷ ಒತ್ತಿಕೊಂಡು ಆದ ಪದರುಗಲ್ಲು. ಅದರೊಳಗೆ ಅನಿಲ ಸಿಕ್ಕಿಕೊಂಡಿರುತ್ತೆ. ಕಿಲೋಮೀಟರ್‌ಗಟ್ಟಲೆ ಆಳಕ್ಕೆ ಕೊರೆದು, ನೀರು, ಮರಳು, ರಾಸಾಯನಿಕ ನುಗ್ಗಿಸಿ, ಕಲ್ಲು ಸೀಳಿ ಅದನ್ನ ಹೊರತೆಗೀಬೇಕು. 2013ರಲ್ಲಿ ಕೇಂದ್ರ ಸರ್ಕಾರ ಒಎನ್‌ಜಿಸಿ, ಆಯಿಲ್ ಇಂಡಿಯಾಗಳಿಗೆ ಹುಡುಕಲು ಅನುಮತಿ ಕೊಟ್ಟಿತು. ಹುಡುಕುವ ಜಾಗಗಳಲ್ಲಿ ಅದೇ ಕಾವೇರಿಯ ಕೆಳಬಯಲೂ ಇತ್ತು. ಕೋಲಾರದ ಹಳೇ ಗಟ್ಟಿ ಕಲ್ಲಲ್ಲಿ ಈ ಗ್ಯಾಸಿಲ್ಲ. ಹಾಗಾದ್ರೆ ಬಂಗಾರಪೇಟೆಯವರಿಗ್ಯಾಕೆ ಈ ಉಸಾಬರಿ? ನೆಲ ಬಗೆದದ್ದರ 120 ವರ್ಷದ ಲೆಕ್ಕ ನಮ್ಮ ಹತ್ತಿರ ಇದೆ, ಅದಕ್ಕೆ.

ಲಾಭವೇ ಇರಲಿಲ್ಲ ಅಂದ್ರೆ ಸುಳ್ಳಾಗುತ್ತೆ. 800 ಟನ್‌ಗೂ ಮೀರಿ ಚಿನ್ನ ಬಂತು. ಅದು ಎಲ್ಲಿಗೆ ಹೋಯ್ತು ಅಂತ ಎಲ್ಲರಿಗೂ ಗೊತ್ತು. ಆದರೆ ಉತ್ತರ ಆರ್ಕಾಟ್, ಚಿತ್ತೂರು ಕಡೆಯ ದಲಿತರು ಊರ ಒಡೆಯರ ಹೊಲ ಬಿಟ್ಟು ಬಂದು ಇಲ್ಲಿ ಕೈಯಲ್ಲಿ ಕಾಸು ಕಂಡರು. ಮಾರಿಕುಪ್ಪಂನಲ್ಲಿ ಪಂಡಿತ ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಎದ್ದಿತು. 1930ರಲ್ಲಿ, ಬೆರಳಚ್ಚು ಕೊಡಿ ಎಂದ ಕಂಪನಿಗೆ ಅದೇ ಜನ ಸಾಮೂಹಿಕ ಮುಷ್ಕರದಿಂದ ಉತ್ತರ ಕೊಟ್ಟರು. ಇದೂ ಗಣಿ ಕೊಟ್ಟದ್ದೇ, ಕಂಪನಿ ಕೊಡಬೇಕೆಂದು ಕೊಟ್ಟದ್ದಲ್ಲ ಅಷ್ಟೆ.

ಇನ್ನು ಧೂಳು. ಚಿನ್ನವಿದ್ದದ್ದು ಬಿಳಿಗಲ್ಲಿನ ನರಗಳಲ್ಲಿ. ಅದನ್ನ ಕೊರೆದಾಗ ಏಳುವ ಕಣ್ಣಿಗೆ ಕಾಣದ ಸಿಲಿಕಾ ಶ್ವಾಸಕೋಶಕ್ಕೆ ಹೋಗಿ ಕೂತುಬಿಡುತ್ತೆ. ಎದೆ ಒಳಗಿಂದ ಗಾಯಗೊಂಡು ಗಟ್ಟಿಯಾಗುತ್ತೆ; ಉಸಿರು ಗೇಣುಗೇಣು ಕಡಿಮೆಯಾಗುತ್ತೆ. ಇದಕ್ಕೆ ಮದ್ದಿಲ್ಲ. 1940ರ ದಶಕದಲ್ಲಿ ಇಲ್ಲಿನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಸಿಲಿಕೋಸಿಸ್ ಇತ್ತು. ಚಾಂಪಿಯನ್ ರೀಫ್ 3 ಕಿಲೋಮೀಟರ್ ದಾಟಿ ಇಳಿಯಿತು. ಆ ಆಳದಲ್ಲಿ ಬಂಡೆ ತಾನಾಗೇ ಸಿಡಿದು ಆಳುಗಳನ್ನ ಹೂತಿತು. 2001ರ ಫೆಬ್ರವರಿ 28ರಂದು ಬಾಗಿಲು ಹಾಕಿದರು. ಆಮೇಲೆ ಗಣಿಯವರ ಮಕ್ಕಳು ಬೆಳಗಿನ ಜಾವದ ರೈಲಿಗೆ ಜೋತುಬಿದ್ದು ಬಂಗಾರಪೇಟೆ ಮೇಲಾಸಿ ಬೆಂಗಳೂರಿಗೆ ಕೂಲಿಗೆ ಹೋಗತೊಡಗಿದರು.

ಗ್ಯಾಸಿನ ಬಾವಿಗೆ ಈ ಧೂಳಿನ ಸಂಬಂಧವೇನು ಅಂತೀರಾ? ಸೀಳಿದ ಕಲ್ಲು ಮುಚ್ಚಿಕೊಳ್ಳದಿರಲಿ ಅಂತ ತುರುಕುವ ಮರಳೂ ಸಿಲಿಕಾನೇ. ಅದನ್ನ ಸುರಿಯುವ ಕೂಲಿಗಳಿಗೆ ಸಿಲಿಕೋಸಿಸ್ ಅಪಾಯವಿದೆ ಅಂತ 2012ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಗಳೇ ಎಚ್ಚರಿಸಿದವು. ಗ್ಯಾಸು ಉರಿದರೆ ಕಲ್ಲಿದ್ದಲಿಗಿಂತ ಹೊಗೆ ಕಡಿಮೆ, ನಿಜ. ದೇಶ ಉರಿಸುವ ಗ್ಯಾಸಿನಲ್ಲಿ ಹೆಚ್ಚುಕಮ್ಮಿ ಅರ್ಧ ಹೊರಗಿನಿಂದ ಬರುತ್ತೆ, ಅದೂ ನಿಜ. ಆದರೆ ದಾರಿಯಲ್ಲಿ ಸೋರುವ ಮೀಥೇನ್ ಆ ಲಾಭವನ್ನ ತಿಂದುಹಾಕಬಲ್ಲದು. ಒಂದೊಂದು ಬಾವಿ ಕೋಟಿ ಲೀಟರ್ ಲೆಕ್ಕದಲ್ಲಿ ನೀರು ಕುಡಿಯುತ್ತೆ. ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರು ಬರುವ ತಾಲ್ಲೂಕಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ತಂಜಾವೂರಿನ ಕಡೆ ರೈತರು ಹೊಲದಲ್ಲಿ ಕೂತು ಹೋರಾಡಿದರು. 2020ರಲ್ಲಿ ತಮಿಳುನಾಡು ಕಾವೇರಿ ಬಯಲಿನಲ್ಲಿ ಹೊಸ ಎಣ್ಣೆ, ಗ್ಯಾಸಿನ ಬಾವಿ ತಡೆಯುವ ಕಾನೂನು ಮಾಡಿತು. ಅಲ್ಲಿ ಹೊಲವಿದ್ದವರು ಕೂತರು. ಹೊಲವೇ ಇಲ್ಲದವರು ಎಲ್ಲಿ ಕೂರಬೇಕು?

ನಮ್ಮಲ್ಲಿ ಉಳಿದದ್ದು ಸಯನೈಡ್ ಮಣ್ಣಿನ ಗುಡ್ಡ, ಮೂರು ಕೋಟಿ ಟನ್‌ಗೂ ಮಿಕ್ಕಿ. ಗಾಳಿ ಎದ್ದರೆ ಅನ್ನದ ತಟ್ಟೆಗೇ ಬೀಳುತ್ತೆ. 2024ರ ಜೂನಿನಲ್ಲಿ ರಾಜ್ಯ ಸಚಿವ ಸಂಪುಟ ಇಂಥ 13 ಗುಡ್ಡಗಳ ಹರಾಜಿಗೆ ಒಪ್ಪಿತು, ಒಳಗಿನ್ನೂ ಚಿನ್ನವಿದೆ ಅಂತ. ಮತ್ತೆ ಕೆದಕುವ ಮೊದಲು ಗುಡ್ಡದ ಕೆಳಗಿನ ಗೇರಿಗಳಲ್ಲಿ ಮನೆಮನೆಗೂ ಎದೆಯ ಎಕ್ಸ್‌ರೇ ತೆಗೆಯಲಿ, ಬಾವಿ ನೀರು ಪರೀಕ್ಷೆಯಾಗಲಿ, ಆ ಕಾಗದ ಕನ್ನಡದಲ್ಲೂ ತಮಿಳಿನಲ್ಲೂ ನಮ್ಮ ಕೈಗೆ ಬರಲಿ.