ಗಾಡಿ ನಮ್ಮದು, ರಿಪೇರಿ ಯಾರದು?

ಹೊಸ ಗಾಡಿ ಕೊಳ್ಳುವವರ ಮಾತೆಲ್ಲ ಮೈಲೇಜು, ಕಂತು, ಮುಂದೆ ಮಾರಿದರೆ ಎಷ್ಟು ಬಂದೀತು ಎಂಬುದರ ಸುತ್ತಲೇ ಇರುತ್ತದೆ. ಕೆಟ್ಟು ನಿಂತಾಗ ಅದನ್ನು ಯಾರು ಬಿಚ್ಚಬಲ್ಲರು ಎಂದು ಷೋರೂಮಿನಲ್ಲಿ ಕೇಳುವವರು ಕಡಿಮೆ. ತೇರದಾಳ ಸೀಮೆಯ ಗಾಡಿಗಳ ಚರಿತ್ರೆ ನೋಡಿದರೆ ಮೊದಲು ಕೇಳಬೇಕಾದದ್ದು ಅದನ್ನೇ. ಈ ಸೀಮೆಗೆ ಗಾಡಿ ಶೋಕಿಯ ವಸ್ತುವಾಗಿ ಬಂದದ್ದಲ್ಲ. ಸಂಸ್ಥಾನಗಳ ಕಾಲದಲ್ಲಿ ತೇರದಾಳ, ರಬಕವಿ ಸಾಂಗ್ಲಿಗೆ ಸೇರಿದ್ದವು, ಬನಹಟ್ಟಿ ಜಮಖಂಡಿಗೆ, ಮುಧೋಳ ಘೋರ್ಪಡೆಯವರದಾಗಿತ್ತು. ಮಿರಜದಿಂದ ಬಂದ ರೈಲು ಕುಡಚಿ ಮುಟ್ಟಿ ಬೆಳಗಾವಿಯತ್ತ ಹೊರಳಿತು. ಇನ್ನೊಂದು ಹಳಿ ಬಾಗಲಕೋಟೆಯ ಮೇಲೆ ಹಾದು ಗದಗಕ್ಕೆ ಹೋಯಿತು. ನಡುವಿನ ಊರುಗಳು ಬಾಗಲಕೋಟೆ–ಕುಡಚಿ ಮಾರ್ಗಕ್ಕಾಗಿ ಈ ಶತಮಾನದಲ್ಲೂ ಕಾಯುತ್ತಲೇ ಇದ್ದವು. ಮಗ್ಗದಿಂದ ಇಳಿದ ಸೀರೆ, ಗಾಣದ ಬೆಲ್ಲ, ಹೊಲದ ಜೋಳ, ಯಾವುದೇ ಆಗಲಿ ರಸ್ತೆಯ ಮೇಲೆಯೇ ಸಾಗಬೇಕಿತ್ತು. ಗಾಡಿ ನಿಂತರೆ ಮನೆಯ ಗಳಿಕೆಯೇ ನಿಂತಂತೆ.

ಆ ಕಾಲದ ಗಾಡಿ ಚಕ್ಕಡಿ. ಅದರ ಗಾಲಿಗೆ ಕಬ್ಬಿಣದ ಪಟ್ಟಿ ಏರಿಸುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಬಡಿಗ ಜಾಲಿಮರದಲ್ಲಿ ಗುಂಬ, ಅರೆಕಾಲು, ಸುತ್ತಿನ ತುಂಡುಗಳನ್ನು ಕೂಡಿಸಿ ಗಾಲಿ ಮಾಡಿಟ್ಟಿರುತ್ತಾನೆ. ಕಮ್ಮಾರ ಪಟ್ಟಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಚಿಕ್ಕದಾಗಿಯೇ ಬಳೆಯಂತೆ ಬೆಸೆದು, ಸುತ್ತ ಕುಳ್ಳು ಪೇರಿಸಿ ಬೆಂಕಿ ಹಚ್ಚುತ್ತಾನೆ. ಕಾದ ಕಬ್ಬಿಣ ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ ಗಾಲಿಗೆ ತೊಡಿಸಿ, ಸುತ್ತಿಗೆಯಿಂದ ಬಡಿದು ಕೂರಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರು ಸುರಿಯುತ್ತಾರೆ. ಪಟ್ಟಿ ಕುಗ್ಗುವಾಗ ಗಾಲಿಯ ಸಂದುಗಳೆಲ್ಲ ಬಿಗಿದು ಒಂದಾಗುತ್ತವೆ. ಬೇಸಿಗೆಯಲ್ಲಿ ಮರ ಒಣಗಿ ಪಟ್ಟಿ ಸಡಿಲಾದರೆ ಮತ್ತೆ ಅದೇ ಕೆಲಸ. ಈ ವಿದ್ಯೆ ಊರಿನೊಳಗೇ ಇತ್ತು. ಬಡಿಗ, ಕಮ್ಮಾರರಿಗೆ ವರ್ಷಕ್ಕೊಮ್ಮೆ ಕಣದಲ್ಲಿ ಆಯ, ಅಂದರೆ ಫಸಲಿನ ಪಾಲು, ಅಳೆದು ಕೊಟ್ಟರೆ ವರ್ಷವಿಡೀ ದುರಸ್ತಿಯ ಭಾರ ಅವರದು. ರೈತ ಚಕ್ಕಡಿಯನ್ನು ನನ್ನದು ಎಂದಾಗ ಅದನ್ನು ಸರಿಮಾಡುವ ಕೈಗಳೂ ಆ ಮಾತಿನೊಳಗೆ ಬರುತ್ತಿದ್ದವು.

ಹಾಗೆಂದು ಆಯಗಾರ ಪದ್ಧತಿಯನ್ನು ಹಾಡಿ ಹೊಗಳಲಾಗದು. ಅದು ಜಾತಿಗೆ ಕಟ್ಟಿಹಾಕಿದ ದುಡಿಮೆ. ಪಾಲು ಎಷ್ಟೆಂದು ತೀರ್ಮಾನವಾಗುತ್ತಿದ್ದುದು ಹೊಲ ಉಳ್ಳವನ ಕೈಯಲ್ಲಿ; ಕಮ್ಮಾರನ ಮಗ ಕುಲುಮೆ ಬಿಟ್ಟು ಹೋಗುವುದು ಸುಲಭವಿರಲಿಲ್ಲ. ಯಂತ್ರಗಳು ಬಂದಮೇಲೆ ಆ ಕಟ್ಟು ಸಡಿಲಿತು, ಒಳ್ಳೆಯದೇ ಆಯಿತು. ನಾನು ಹೇಳುತ್ತಿರುವುದು ಬೇರೆ: ಪದ್ಧತಿ ಹೋದರೂ ರಿಪೇರಿಯ ವಿದ್ಯೆ ಈ ಭಾಗದಿಂದ ಹೋಗಲಿಲ್ಲ, ಇನ್ನಷ್ಟು ಬೆಳೆಯಿತು. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದ್ದು ಸೈಕಲ್ ಅಂಗಡಿ. ಅಲ್ಲಿಂದ ಹೊರಟವರು ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಔಂಧ ಸಂಸ್ಥಾನದಲ್ಲಿ ಅವರ ಕಾರ್ಖಾನೆಯ ಊರು ಕಿರ್ಲೋಸ್ಕರವಾಡಿ ಎದ್ದಿತು. ಸೈಕಲ್ ಬಿಚ್ಚಿ ಜೋಡಿಸುವಲ್ಲಿ ಪಳಗಿದ ಕೈಗಳಿಂದಲೇ ದೊಡ್ಡ ಉದ್ದಿಮೆ ಹುಟ್ಟಿತು. ಮುಂದೆ ಉಗಾರದಲ್ಲಿ, ಸಮೀರವಾಡಿಯಲ್ಲಿ, ಮುಧೋಳ–ಜಮಖಂಡಿಯ ಸುತ್ತ ಸಕ್ಕರೆ ಕಾರ್ಖಾನೆಗಳು ಬಂದಂತೆ ಚಕ್ಕಡಿಗೆ ರಬ್ಬರ್ ಟೈರು ಬಂತು, ಅದರ ಬೆನ್ನಿಗೆ ಟ್ರ್ಯಾಕ್ಟರು. ಎಚ್‌ಎಂಟಿ 1971ರಲ್ಲಿ ಪಿಂಜೋರ್‌ನಲ್ಲಿ ಜೆಕ್ ದೇಶದ ಜೆಟರ್ ಸಹಯೋಗದಿಂದ 25 ಅಶ್ವಶಕ್ತಿಯ ಟ್ರ್ಯಾಕ್ಟರ್ ತಯಾರಿಸತೊಡಗಿತು. ಅಂಥ ಇಂಜಿನ್ನಿನಲ್ಲಿ ಕಣ್ಣಿಗೆ ಕಾಣದ್ದು ಏನೂ ಇರಲಿಲ್ಲ. ಪಾನಾ ಹಿಡಿಯಬಲ್ಲ ಮಿಸ್ತ್ರಿ, ಒಂದು ವೆಲ್ಡಿಂಗ್ ಅಂಗಡಿ, ಒಂದು ಲೇತು ಇದ್ದರೆ ಸಾಕಾಗುತ್ತಿತ್ತು. 2016ರಲ್ಲಿ ಎಚ್‌ಎಂಟಿಯ ಟ್ರ್ಯಾಕ್ಟರ್ ವಿಭಾಗ ಮುಚ್ಚುವ ತೀರ್ಮಾನವಾಯಿತು. ಕಂಪನಿ ಬಾಗಿಲು ಹಾಕಿದರೂ ಅದರ ಟ್ರ್ಯಾಕ್ಟರುಗಳು ಓಡುತ್ತಲೇ ಉಳಿದವು, ಬಿಡಿಭಾಗ ಮಾಡುವವರು ಬೇರೆಯವರೂ ಇದ್ದರು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಸಣ್ಣ ಊರಿನವರ ಕೈಗೂ ಎಟುಕಿದ್ದಕ್ಕೆ ಬೆಲೆಯೊಂದೇ ಕಾರಣವಲ್ಲ, ಅದರ ಕಾರ್ಬೊರೇಟರ್ ತೊಳೆದು ಕೂರಿಸಬಲ್ಲ ಮೆಕ್ಯಾನಿಕ್ ತಾಲ್ಲೂಕಿಗೆ ನಾಲ್ಕು ಮಂದಿ ಸಿಗುತ್ತಿದ್ದರು.

ಈಗ ಗಂಟು ಬಿದ್ದಿರುವುದು ಇಲ್ಲೇ. 2020ರ ಏಪ್ರಿಲ್ 1ರಿಂದ ವಾಹನಗಳಿಗೆ ಬಿಎಸ್-6 ಎಂಬ ಹೊಗೆ ನಿಯಮ ಬಂತು. 50 ಅಶ್ವಶಕ್ತಿ ಮೀರಿದ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಜಾರಿಯಾಗಿ, ಡೀಸೆಲ್ ಚಿಮ್ಮಿಸುವ ಕೆಲಸ ಅಲ್ಲೂ ಎಲೆಕ್ಟ್ರಾನಿಕ್ಸ್ ಪಾಲಾಯಿತು. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿದರೆ ಕಾರಣ ಹೇಳುವುದು ಸ್ಕ್ಯಾನರ್. ಎಷ್ಟೋ ದೋಷಗಳಿಗೆ ಕಂಪನಿಯದೇ ಸಾಫ್ಟ್‌ವೇರ್ ಬೇಕು. ಕಬ್ಬಿನ ಹಂಗಾಮಿನಲ್ಲಿ ಇದರ ಪೆಟ್ಟು ಜೋರು. ಕಡಿದ ಕಬ್ಬು ಹೊಲದಲ್ಲಿ ಬಿದ್ದಷ್ಟು ದಿನ ತೂಕ ಇಳಿಯುತ್ತದೆ, ಸಕ್ಕರೆ ಅಂಶವೂ ಕುಸಿಯುತ್ತದೆ. ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಒಂದು ಸೆನ್ಸರಿಗಾಗಿ ದೂರದ ಸರ್ವೀಸ್ ಸೆಂಟರಿನವರ ದಾರಿ ಕಾಯುತ್ತ ನಿಂತರೆ ಮಾಲೀಕನಿಗೆ ಬಾಡಿಗೆ ಹೋಯಿತು, ರೈತನಿಗೆ ಟನ್ನಿನ ಲೆಕ್ಕ ತಪ್ಪಿತು, ಬ್ಯಾಂಕಿನ ಕಂತು ಮಾತ್ರ ನಿಲ್ಲದು.

ಇದಕ್ಕೆ ಎದುರು ಮಾತು ಉಂಟು, ಅದು ತೂಕದ ಮಾತೇ. ಹಳೆಯ ಇಂಜಿನ್ ಹೊಗೆ ಉಗುಳುತ್ತದೆ, ಹಳೆಯ ಕಾರಿಗೆ ಏರ್‌ಬ್ಯಾಗು, ಎಬಿಎಸ್ ಇರಲಿಲ್ಲ, ಎಲ್ಲರೂ ಕೈಹಾಕುವಂತಾದರೆ ಅಪಘಾತಕ್ಕೆ ದಾರಿ ಎನ್ನುತ್ತಾರೆ. ಹೊಗೆ ಕಡಿಮೆಯಾಗಲೇಬೇಕು, ಏರ್‌ಬ್ಯಾಗು ಬೇಕೇಬೇಕು. ಅಲ್ಲಿ ನನ್ನ ತಕರಾರಿಲ್ಲ. ಆದರೆ ಸೆನ್ಸರ್ ಇರಬೇಕೆಂಬ ನಿಯಮ, ಅದರ ಮಾಹಿತಿಯನ್ನು ಹೊರಗಿನ ಮೆಕ್ಯಾನಿಕ್‌ಗೆ ಕೊಡಬಾರದು ಎಂದು ಎಲ್ಲಿಯೂ ಹೇಳುವುದಿಲ್ಲ. ಬೀಗ ಹಾಕಿದ್ದು ವ್ಯಾಪಾರ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿದ್ದು ಇದಕ್ಕಾಗಿಯೇ: ಬಿಡಿಭಾಗ, ತಪಾಸಣೆಯ ಸಲಕರಣೆ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ. ಕಂಪನಿಗಳು ಮೇಲ್ಮನವಿಗೆ ಹೋದವು. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದು ಅದರಲ್ಲಿ ವಾಹನಗಳನ್ನೂ ಕೃಷಿ ಯಂತ್ರಗಳನ್ನೂ ಸೇರಿಸಿತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮತದಾರರೇ 2012ರಲ್ಲಿ ಕಾರು ರಿಪೇರಿ ಹಕ್ಕಿಗೆ ಮತ ಹಾಕಿದರು. ನಮ್ಮಲ್ಲಿ ಪೋರ್ಟಲ್ ಇದ್ದರೂ ಕಂಪನಿಗಳನ್ನು ಕಟ್ಟಿಹಾಕುವ ಕಾನೂನು ಬೇಕು. ದೋಷದ ಕೋಡು, ವೈರಿಂಗ್ ನಕ್ಷೆ, ಸ್ಕ್ಯಾನರಿನ ಸಾಫ್ಟ್‌ವೇರ್ ನ್ಯಾಯವಾದ ಬೆಲೆಗೆ ಯಾವ ಗ್ಯಾರೇಜಿಗಾದರೂ ಸಿಗಬೇಕು, ಜಮಖಂಡಿ, ಬನಹಟ್ಟಿಯ ಐಟಿಐ ಓದಿದ ಹುಡುಗನಿಗೂ ಸಿಗಬೇಕು. ಅಲ್ಲಿಯವರೆಗೆ ಜಮಖಂಡಿಯ ಕೆಎ-48 ನಂಬರಿನ ಹೊಸ ಗಾಡಿ ಬಿಡಿಸಿಕೊಳ್ಳುವವರು ಸಹಿ ಹಾಕುವ ಮೊದಲೇ ಕೇಳಿ ತಿಳಿಯಲಿ: ಇದರ ಸರ್ವೀಸ್ ಎಷ್ಟು ದೂರ, ಬಿಡಿಭಾಗ ಹೊರಗೆ ಸಿಗುತ್ತದೆಯೇ, ಊರಿನ ಮಿಸ್ತ್ರಿ ಬಿಚ್ಚಿದರೆ ವಾರಂಟಿ ಉಳಿಯುತ್ತದೆಯೇ.